ಹನ್ನೊಂದು ಹೆಸರುಗಳ ಹಾಡು

ಮೋನಪ್ಪ ತಾತ ಹೊಳೆದಂಡೆಯ ಒಂದು ಕಲ್ಲುಕೋಣೆಯಲ್ಲಿ ಇರುತ್ತಿದ್ದರು. ತತ್ವಪದ ಹಾಡುವವರು. ಸುತ್ತಲಿನ ಊರವರು ಆ ಕೋಣೆಯನ್ನು ಮಠ ಎನ್ನುತ್ತಿದ್ದರು. ತಾತ ಅದನ್ನು ನೆರಳು ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ದೇವಿಂದ್ರಪ್ಪ ಅಲ್ಲಿಗೆ ಬಂದ. ಹರೆಯದಲ್ಲಿ ಏಳು ವರ್ಷ ತಾತನ ಬಳಿ ಇದ್ದು ಹಾಡು ಕಲಿತವನು. ಈಗ ಅವನಿಗೆ ಐವತ್ತೆಂಟು. 'ಕೆಂಡಸಾಲು' ಎಂಬ ಬ್ಯಾಂಡಿನ ಮುಖ್ಯ ಗಾಯಕ. ಆ ಸೀಮೆಯಲ್ಲಿ ಅವರು ಹಾಡದೆ ಮುಗಿದ ಹೋರಾಟವಿರಲಿಲ್ಲ.

ತಾತ ತೊಗರಿಬೇಳೆ ಹಸನು ಮಾಡುತ್ತಿದ್ದರು. ಕಣ್ಣು ಮಂಜಾಗಿತ್ತು. ಹರಳನ್ನು ಬೆರಳಿನಿಂದಲೇ ಹುಡುಕುತ್ತಿದ್ದರು.

"ತಾತಾ, ನಾ ದೇವಿಂದ್ರ."

"ದನಿ ಗುರುತಾತು. ಕುಂಡ್ರು. ಯಾಕ ಬಂದಿ?"

"ನಮ್ಮ ಹಳೇ ದನಿ ಕಳಕೊಂಡೀವ್ರಿ. ಅದನ್ನ ಹುಡುಕಾಕ ಹತ್ತೀವಿ. ಸಿಗವಲ್ದು."

"ಎಲ್ಲಿ ಕಳಕೊಂಡ್ರಿ?"

"ಅದಾ ಗೊತ್ತಿಲ್ರಿ."

ತಾತ ಒಂದು ಹರಳು ತೆಗೆದು ಹೊರಗೆಸೆದರು.

ಆ ಹಳೆಯ ದನಿಯ ಕಥೆ ಹೀಗೆ.

ಮೂವತ್ಮೂರು ವರ್ಷದ ಹಿಂದೆ, ಅಲ್ಲಿಂದ ಹತ್ತು ಮೈಲಿ ಆಚೆ, ಒಂದು ಕಲ್ಲುಗಣಿಯ ಗೋಡೆ ಕುಸಿಯಿತು. ಹನ್ನೊಂದು ಕೂಲಿಗಳು ಸತ್ತರು. ಅವರು ನಮ್ಮ ಆಳುಗಳೇ ಅಲ್ಲ ಎಂದ ಗಣಿಯ ಮಾಲೀಕ.

ಆಗ ಮೂವರು ಹೋಗಿ ಗಣಿಯ ಗೇಟಿನ ಮುಂದೆ ಕೂತರು. ದೇವಿಂದ್ರಪ್ಪನ ಕೈಯಲ್ಲಿ ಏಕತಾರಿ. ಮಿಷನ್ ಕಂಪೌಂಡಿನ ಸ್ಯಾಮ್ಯುವೆಲ್ ಚರ್ಚಿನ ಗಿಟಾರನ್ನು ಕೇಳಿ ತಂದಿದ್ದ. ಅದೇ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ ಮಾರೆಪ್ಪ ತನ್ನ ಚರ್ಮದ ಹಲಗಿ ತಂದಿದ್ದ.

ಸತ್ತವರ ಹೆಸರುಗಳನ್ನೇ ಅವರು ಹಾಡಿದರು. ಒಂದು ಹೆಸರು, ಹಲಗಿಯ ಒಂದು ಪೆಟ್ಟು. ಇನ್ನೊಂದು ಹೆಸರು, ಇನ್ನೊಂದು ಪೆಟ್ಟು. ಹನ್ನೊಂದು ಮುಗಿದರೆ ಮತ್ತೆ ಮೊದಲಿನಿಂದ.

ಹತ್ತೊಂಬತ್ತು ದಿನ ಹಾಡಿದರು. ಇಪ್ಪತ್ತನೆಯ ದಿನ ಮಾಲೀಕ ಗೇಟಿನ ಹೊರಗೆ ಬಂದು, ಹೌದು, ಅವರು ನಮ್ಮ ಆಳುಗಳೇ ಎಂದ.

ಹಾಗೆ ಹುಟ್ಟಿತು ಕೆಂಡಸಾಲು.

ಆಮೇಲೆ ಊರೂರು ಕರೆಯಿತು. ನಗರಗಳು ಕರೆದವು. ಗಿಟಾರಿಗೆ ಕರೆಂಟು ಬಂತು. ಕೀಬೋರ್ಡು ಬಂತು, ಡ್ರಮ್ ಸೆಟ್ಟು ಬಂತು, ಹೊಗೆ ಬಿಡುವ ಯಂತ್ರವೂ ಬಂತು. ಜನ ಕುಣಿದರು. ಈಗಲೂ ಕುಣಿಯುತ್ತಿದ್ದರು. ಕೇಳುತ್ತಿರಲಿಲ್ಲ.

ಮೊದಲಿನ ಹಾಗೆ ಹಾಡೋಣ ಎಂದು ಬ್ಯಾಂಡಿನವರು ಕೂತು ಮಾತಾಡಿಕೊಂಡರು. ಕೀಬೋರ್ಡು ಬಿಟ್ಟರು. ಡ್ರಮ್ ಸೆಟ್ಟು ಬಿಟ್ಟರು. ಮರದ ಗಿಟಾರು, ಏಕತಾರಿ ಹಿಡಿದು ಮೂರು ತಿಂಗಳು ಸ್ಟುಡಿಯೋದಲ್ಲಿ ಕೂತು ಹೆಸರುಗಳ ಹಾಡನ್ನು ಮತ್ತೆ ಧ್ವನಿಮುದ್ರಿಸಿದರು.

"ಕೇಳ್ರಿ ತಾತಾ." ದೇವಿಂದ್ರಪ್ಪ ಮೊಬೈಲಿನಲ್ಲಿ ಹಾಡು ಹಚ್ಚಿದ.

ತಾತ ಬೇಳೆ ಹಸನು ಮಾಡುತ್ತಲೇ ಕೇಳಿದರು.

"ಛಲೋ ಅದ."

"ಎಲ್ಲಾರೂ ಹಂಗಾ ಅಂತಾರ್ರಿ. ನನಗ ಮಾತ್ರ ಸತ್ತಂಗ ಕೇಳಸ್ತದ."

"ಹಲಗಿ ಯಾರದು?"

"ಮಾರೆಪ್ಪಂದು."

"ಮಾರೆಪ್ಪ ಬಂದಿದ್ದನೇನು?"

ದೇವಿಂದ್ರಪ್ಪ ಮೊಬೈಲನ್ನು ಕಿಸೆಗೆ ಹಾಕಿಕೊಂಡ.

"ಇಲ್ರಿ. ಹಳೇ ಕ್ಯಾಸೆಟ್ಟಿನಾಗಿಂದು ಅವನ ಒಂದು ಪೆಟ್ಟು ಕಂಪ್ಯೂಟರಿಗೆ ತಗೊಂಡೀವಿ. ಅದನ್ನಾ ಎಲ್ಲಾ ಕಡೆ ಹಚ್ಚೀವಿ."

"ಅವಗ ಗೊತ್ತದೇನು?"

"ಇಲ್ರಿ."

"ಎಲ್ಲ್ಯದಾನ?"

"ಗೊತ್ತಿಲ್ರಿ."

"ಅದಾನೇನು?"

ದೇವಿಂದ್ರಪ್ಪ ಹೊಳೆಯ ಕಡೆ ನೋಡಿದ. ಬದುಕಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಅವನಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ತಾತನ ಬೆರಳು ನಿಂತವು.

"ಯಾವಾಗ ಬಿಟ್ಟು ಹೋದ?"

"ಇಪ್ಪತ್ತೆರಡು ವರ್ಷ ಆತ್ರಿ. ದೊಡ್ಡ ನಗರ, ದೊಡ್ಡ ಸ್ಟೇಜು. ಹಲಗಿ ಕಾಸಲಾರದ ಬಡಿಯಾಕ ಬರಂಗಿಲ್ಲ. ಇಲ್ಲಿ ಬೆಂಕಿ ಹಚ್ಚಬ್ಯಾಡ್ರಿ ಅಂದ್ರು. ಅವತ್ತೊಂದಿನ ಡ್ರಮ್ ಸೆಟ್ಟಿನ ಮ್ಯಾಲ ಹಾಡಿದ್ವಿ. ಮಾರೆಪ್ಪ ಪರದೆ ಹಿಂದ ಹಲಗಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ. ಹಾಡು ಮುಗಿಸಿ ಬಂದು ನೋಡಿದ್ರ ಇರಲಿಲ್ಲ."

"ಹೋಗು ಅಂದ್ರೇನು?"

"ದೇವ್ರಾಣಿ ಇಲ್ರಿ ತಾತಾ. ಯಾರೂ ಹೋಗು ಅನ್ನಲಿಲ್ಲ."

"ಇರು ಅಂದ್ರೇನು?"



ತಾತ ಗೋಡೆ ಹಿಡಿದು ಎದ್ದರು. ಒಳಗಿನಿಂದ ಎರಡು ಜೋಳದ ರೊಟ್ಟಿ ತಂದು, ಅರಿವೆಯಲ್ಲಿ ಕಟ್ಟಿ, ಅವನ ಕೈಯಲ್ಲಿಟ್ಟರು.

"ನನಗ ಹಸಿವಿಲ್ರಿ."

"ನಿನಗಲ್ಲ. ಮಾರೆಪ್ಪಗ ಮುಟ್ಟಿಸು."

"ಅಂವ ಎಲ್ಲ್ಯದಾನಂತ ನನಗ..."

"ರೊಟ್ಟಿ ಕೆಡೂದರೊಳಗ ಹುಡುಕು," ಎಂದರು ತಾತ. ಮತ್ತೆ ಬೇಳೆಯ ಮೊರದ ಮುಂದೆ ಕೂತರು.

ದೇವಿಂದ್ರಪ್ಪ ಎರಡು ದಿನ ಅವರಿವರನ್ನು ಕೇಳಿದ. ಗಣಿ ಕೂಲಿಗಳ ಹಳೆಯ ಸಂಘದವರನ್ನು ಕೇಳಿದ. ಮೂರನೆಯ ದಿನ ಗೊತ್ತಾಯಿತು. ಮಾರೆಪ್ಪ ಎಲ್ಲಿಗೂ ಹೋಗಿರಲಿಲ್ಲ. ಅದೇ ಗಣಿಗೆ ಮರಳಿ, ಅದೇ ಕಲ್ಲು ಒಡೆದು, ಗೇಟಿನ ಹಿಂದಿನ ಕೂಲಿಗಳ ಓಣಿಯಲ್ಲೇ ಇದ್ದ. ಕೆಂಡಸಾಲಿನ ವ್ಯಾನು ವರ್ಷಕ್ಕೆ ಹತ್ತು ಸಲ ಆ ದಾರಿಯಲ್ಲಿ ಹೋಗುತ್ತಿತ್ತು.

ಬಾಗಿಲಲ್ಲಿ ಮಾರೆಪ್ಪನ ಹೆಂಡತಿ ಹುಲಿಗೆಮ್ಮ ನಿಂತಿದ್ದಳು.

"ದೇವಿಂದ್ರಣ್ಣ ಅಲ್ರೀ?" ಎಂದಳು. ಒಳಗೆ ಬನ್ನಿ ಎನ್ನಲಿಲ್ಲ.

"ಮಾರೆಪ್ಪ ಅದಾನೇನವ್ವಾ?"

"ಅದಾನ. ಎದಿಯಾಗ ಕಲ್ಲಿನ ಧೂಳು ಕುಂತದಂತ. ಇನ್ನ ಏನೂ ಮಾಡಾಕ ಬರಂಗಿಲ್ಲ ಅಂದಾರ ಡಾಕ್ಟರು." ಆಕೆ ದನಿ ತಗ್ಗಿಸಿದಳು. "ಅವಗ ದಿನಕ್ಕ ಹತ್ತು ಮಾತಿಗೆ ಆಗೂವಷ್ಟು ಉಸರದ. ಮುಂಜಾನಿಂದ ಮೂರು ಆಡ್ಯಾನ. ನೀವು ಬಂದು ಖರ್ಚು ಮಾಡಸಬ್ಯಾಡ್ರಿ."

ಕಡೆಗೆ ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ಮಾರೆಪ್ಪ ಮಂಚದ ಮೇಲೆ ಹಾಸಿಗೆಯ ಸುರುಳಿಗೆ ಒರಗಿ ಕೂತಿದ್ದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಹೆಗಲಿನ ಎಲುಬು ಅಂಗಿಯನ್ನು ಎತ್ತಿ ಹಿಡಿದಿದ್ದವು.

ದಾರಿಯುದ್ದಕ್ಕೂ ದೇವಿಂದ್ರಪ್ಪ ಮಾತು ಜೋಡಿಸಿಕೊಂಡು ಬಂದಿದ್ದ. ತಪ್ಪಾಯಿತು ಎನ್ನಬೇಕು, ಕಾಲು ಮುಟ್ಟಬೇಕು. ಬಾಯಿ ತೆರೆದರೆ ಬಂದದ್ದೇ ಬೇರೆ.

"ಮಾರೆಪ್ಪಾ, ನಿನ್ನ ಹಲಗಿ ಅದಯೇನು?"

ತನ್ನ ಮಾತು ಕೇಳಿ ತನಗೇ ಹೇಸಿಕೆಯಾಯಿತು.

ಮಾರೆಪ್ಪ ಅವನನ್ನೇ ನೋಡಿದ. ಸಿಟ್ಟಿರಲಿಲ್ಲ. ಮೂಲೆಯ ಕಡೆ ಗದ್ದ ತಿರುಗಿಸಿದ.

"ಚರ್ಮ ಹರದು ಹೋತ್ರಿ," ಹುಲಿಗೆಮ್ಮ ಹೇಳಿದಳು. "ಬಳಿ ಉಳದದ. ಅದರ ಮ್ಯಾಲ ಕೊಡ ಕುಂಡ್ರಸೀನಿ."

ಮೂಲೆಯಲ್ಲಿ ಹಲಗಿಯ ಬಳೆಯ ಮೇಲೆ ನೀರಿನ ಕೊಡ ಕೂತಿತ್ತು.

ದೇವಿಂದ್ರಪ್ಪ ರೊಟ್ಟಿಯ ಗಂಟು ಕೊಟ್ಟ. ರೊಟ್ಟಿ ಒಣಗಿ ಬಿರುಸಾಗಿತ್ತು. ಹುಲಿಗೆಮ್ಮ ಅದನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ಗಂಡನಿಗೆ ತಿನ್ನಿಸಿದಳು. ನಾಲ್ಕು ತುತ್ತಿಗೆ ಅವನು ದಣಿದ.

"ತಾತ?" ಎಂದ ಮಾರೆಪ್ಪ.

"ಅದಾರ. ಅವರಾ ಕಳಿಸ್ಯಾರ."

ಮಾರೆಪ್ಪ ಕಣ್ಣು ಮುಚ್ಚಿದ. ಬಹಳ ಹೊತ್ತು ಉಸಿರು ಕೂಡಿಸಿಕೊಂಡ.

"ಹಾಡು," ಎಂದ.

ದೇವಿಂದ್ರಪ್ಪ ಸ್ಯಾಮ್ಯುವೆಲ್‌ಗೆ ಫೋನು ಮಾಡಿದ. ಮರುದಿನ ಮುಂಜಾನೆಯ ಬಸ್ಸಿಗೆ ಸ್ಯಾಮ್ಯುವೆಲ್ ಮರದ ಗಿಟಾರು ಹೊತ್ತು ಬಂದ. ಒಳಗೆ ಕಾಲಿಟ್ಟವನೇ ಮಾರೆಪ್ಪನನ್ನು ನೋಡಿ ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟ. ಆಮೇಲೆ ನೆಲದ ಮೇಲೆ ಕೂತು ತಂತಿ ಬಿಗಿಯತೊಡಗಿದ.

ಸ್ಯಾಮ್ಯುವೆಲ್ ಮೊಬೈಲನ್ನು ಕಿಟಕಿಯಲ್ಲಿ ಇಟ್ಟು, "ರೆಕಾರ್ಡ್ ಮಾಡ್ಲೇನಪಾ?" ಎಂದು ಕೇಳಿದ. ಮಾರೆಪ್ಪ ಆಗಲಿ ಎಂಬಂತೆ ತಲೆಯಾಡಿಸಿದ.

ದೇವಿಂದ್ರಪ್ಪ ಮೊದಲ ಹೆಸರು ಹಾಡಿದ.

"ಯಂಕೋಬಾ..."

ಪೆಟ್ಟು ಬೀಳಬೇಕಾದ ಜಾಗದಲ್ಲಿ ಪೆಟ್ಟು ಬೀಳಲಿಲ್ಲ. ಮಾರೆಪ್ಪ ಉಸಿರು ಎಳೆದುಕೊಳ್ಳುತ್ತಿದ್ದ. ಒಳಗೆ ಹೋಗುವಾಗ ಸಿಳ್ಳೆಯಂತೆ, ಹೊರಗೆ ಬರುವಾಗ ಗೊರಗೊರ. ಮೂರು ಉಸಿರು ಎಣಿಸುವಷ್ಟು ಹೊತ್ತು ಕಳೆಯಿತು. ಆಗ ಮಾರೆಪ್ಪನ ಬೆರಳ ಗೆಣ್ಣು ಮಂಚದ ಪಟ್ಟಿಯ ಮೇಲೆ ಬಿತ್ತು.

ಟಕ್.

"ತಿಮ್ಮಣ್ಣಾ..."

ಮತ್ತೆ ಕಾದರು. ಮತ್ತೆ ಸಿಳ್ಳೆ, ಗೊರಗೊರ. ಟಕ್.

ಗೇಟಿನ ಮುಂದೆ ಆ ಹಾಡು ಓಡುತ್ತಿತ್ತು. ಇಲ್ಲಿ ಅದು ಗೋಡೆ ಹಿಡಿದು ನಡೆಯಿತು. ಸ್ಯಾಮ್ಯುವೆಲ್‌ನ ಬೆರಳಿಗೂ ಅದೇ ನಡಿಗೆ ಬಂತು.

ಓಣಿಯವರು ಒಬ್ಬೊಬ್ಬರಾಗಿ ಬಂದು ಅಂಗಳದಲ್ಲಿ ನಿಂತರು. 

ಆರು ಹೆಸರು ಆದವು. ಏಳನೆಯದು ಬರಲಿಲ್ಲ.

ಹಾಡು ಉದ್ದವಾಯಿತೆಂದು ಹದಿನೈದು ವರ್ಷದಿಂದ ಸ್ಟೇಜಿನ ಮೇಲೆ ನಾಲ್ಕೇ ಹೆಸರು ಹಾಡುತ್ತಿದ್ದರು. ಸ್ಟುಡಿಯೋದಲ್ಲೂ ಆ ನಾಲ್ಕನ್ನೇ ಹಾಡಿದ್ದರು. ದೇವಿಂದ್ರಪ್ಪ ಸ್ಯಾಮ್ಯುವೆಲ್‌ನ ಮುಖ ನೋಡಿದ. ಸ್ಯಾಮ್ಯುವೆಲ್ ತಂತಿ ನೋಡುತ್ತಿದ್ದ. ಅಂಗಳದವರು ಕಾಯುತ್ತಿದ್ದರು.

ಮಾರೆಪ್ಪನ ತುಟಿ ಅಲುಗಿದವು.

"ಬ್ಯಾಡ," ಎಂದಳು ಹುಲಿಗೆಮ್ಮ. "ಮಾತಾಡಬ್ಯಾಡ."

"ಗಂಗವ್ವ," ಎಂದ ಮಾರೆಪ್ಪ.

ಕೆಮ್ಮು ಬಂತು. ಹುಲಿಗೆಮ್ಮ ಅವನ ಬೆನ್ನು ಹಿಡಿದು ತನ್ನ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

ಗಂಗವ್ವ ಮಾರೆಪ್ಪನ ಸ್ವಂತ ಅಕ್ಕ.

ದೇವಿಂದ್ರಪ್ಪ ಆ ಹೆಸರು ಹಾಡಿದ. ದನಿ ಒಡೆಯಿತು. ಸರಿಮಾಡಿಕೊಳ್ಳಲಿಲ್ಲ. ಉಳಿದ ನಾಲ್ಕನ್ನು ಮಾರೆಪ್ಪನ ಬಾಯಿ ನೋಡುತ್ತ, ಒಂದೊಂದಾಗಿ ನೆನಪಿಸಿಕೊಂಡು ಹಾಡಿದ. ಹನ್ನೊಂದನೆಯ ಟಕ್ ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗಿತ್ತು.

ಅದಾದ ಆರನೆಯ ದಿನ ಮಾರೆಪ್ಪ ತೀರಿಕೊಂಡ.

ಮಣ್ಣು ಮಾಡುವಾಗ ದೇವಿಂದ್ರಪ್ಪ, ಸ್ಯಾಮ್ಯುವೆಲ್ ಇಬ್ಬರೂ ಇದ್ದರು. ಎಲ್ಲ ಮುಗಿದು ಜನ ಚದುರಿದ ಮೇಲೆ ಸ್ಯಾಮ್ಯುವೆಲ್ ಹುಲಿಗೆಮ್ಮನ ಹತ್ತಿರ ಹೋದ.

"ಅವ್ವಾ, ಅವನ ಹೆಸರನ್ನ ಹಾಡಿನಾಗ ಹನ್ನೆರಡನೇದು ಅಂತ ಸೇರಸ್ತೀವಿ."

"ಬ್ಯಾಡ್ರಿ."

"ಯಾಕವ್ವಾ?"

"ಹನ್ನೊಂದನ್ನ ನಾಕಕ್ಕ ಇಳಿಸಿದ್ರಿ. ಇವನನ್ನ ಯಾವಾಗ ಬಿಡ್ತೀರೋ."

 ಆಕೆ ಮನೆಯ ದಾರಿ ಹಿಡಿದಳು.

ಒಂದು ತಿಂಗಳ ಮೇಲೆ ದೇವಿಂದ್ರಪ್ಪ ಮತ್ತೆ ಹೊಳೆದಂಡೆಗೆ ಬಂದ. ತಾತ ಬಿಸಿಲಿಗೆ ಬೆನ್ನು ಕೊಟ್ಟು ಕಲ್ಲಿನ ಮೇಲೆ ಕೂತಿದ್ದರು. ಮಾರೆಪ್ಪ ಹೋದ ಸುದ್ದಿ ಅವರಿಗೆ ಮುಟ್ಟಿತ್ತು.

"ರೊಟ್ಟಿ ತಿಂದನೇನು?"

"ನಾಕು ತುತ್ತು ತಿಂದ್ನಿರಿ."

ತಾತ ಕಲ್ಲಿನ ಮೇಲೆ ತುಸು ಸರಿದು ಅವನಿಗೆ ಜಾಗ ಬಿಟ್ಟರು.

"ತಾತಾ, ಅವತ್ತು ಹಾಡಿದ್ದು ಮೊಬೈಲಿನಾಗ ಅದ. ಸ್ಟುಡಿಯೋದವರಿಗೆ ಕೇಳಸಿದ್ವಿ. ಮೂರು ತಿಂಗಳು ಮಾಡಿದ್ದನ್ನ ಬಿಡ್ರಿ, ಇದಾ ನಿಮ್ಮ ಹಳೇ ದನಿ, ಇದನ್ನಾ ಹೊರಗ ತರ್ರಿ ಅಂದ್ರು. ಹುಲಿಗೆಮ್ಮಗ ಕೇಳಿದ್ನಿ. ಮಂದಿ ಕೇಳ್ಲಿ ಅಂದ್ಳು."

"ಮತ್ತ?"

"ಮೊದಲಿಂದ ಕಡಿತನಕ ಮಾರೆಪ್ಪನ ಉಸರು ಕೇಳಸ್ತದ್ರಿ. ಎರಡು ಕಡೆ ಹೆಸರಾ ಕೇಳಸಂಗಿಲ್ಲ. ಕೇಳವರಿಗೆ ತ್ರಾಸ ಆಗ್ತದ ಅಂತಾರ. ಅವರ ಕಡೆ ಒಂದು ಮಷೀನ್ ಅದ. ಉಸರು ಅಷ್ಟಾ ತಗದು, ಹೆಸರು, ಗಿಟಾರು, ಪೆಟ್ಟು ಉಳಸ್ತದಂತ. ಸ್ಯಾಮ್ಯುವೆಲ್ಲ ತಗೀರಿ ಅಂತಾನ. ನನಗ ತಿಳೀವಲ್ದು."

"ಹುಲಿಗೆಮ್ಮ ಏನಂದ್ಳು?"

"ಆ ಮಾತು ಆಕಿಗೆ ಕೇಳಾಕ ನನಗ ಧೈರ್ಯ ಆಗಲಿಲ್ರಿ."

"ಹಚ್ಚು."

ದೇವಿಂದ್ರಪ್ಪ ಹಚ್ಚಿದ. ತಾತ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಹನ್ನೊಂದನೆಯ ಹೆಸರಿನವರೆಗೂ ಅಲುಗಲಿಲ್ಲ.

"ಇನ್ನೊಮ್ಮೆ ಹಚ್ಚು."

ಇನ್ನೊಮ್ಮೆ ಕೇಳಿದರು.  ಹಾಡು ಮುಗಿದ ಮೇಲೂ ಮೊಬೈಲು ಕಿವಿಯ ಬಳಿಯೇ ಇತ್ತು.

"ಏನು ಮಾಡ್ಲಿ ತಾತಾ? ತಗೀಲೇನು?"

ತಾತ ಮೊಬೈಲನ್ನು ಅವನ ಅಂಗೈಯಲ್ಲಿಟ್ಟರು.

"ತಗಿಯೂದಾ ಇದ್ರ ಹಾಡು ತಗಿ. ಉಸರು ಇರಲಿ."