ಸೀಬೆಮರದ ಇನ್ಸ್‌ಪೆಕ್ಟರು

"ಎಲ್ಲಾ ಸಿನಿಮಾನೂ ಫೋನಲ್ಲೇ ಕೊಂಡಿದ್ದೀನಿ. ಈ ಡಿಸ್ಕುಗಳನ್ನ ಎಸೆಯಯ್ಯ!" ಎಂದು ಕ್ಲಬ್ಬಿನ ಅಧ್ಯಕ್ಷ ನಂಜರಾಜಪ್ಪನವರು ಗುಡುಗಿದರು. ಎಸೆಯಲು ಗುಮಾಸ್ತ ಚಿಕ್ಕಲಿಂಗಯ್ಯನಿಗೆ ಮನಸ್ಸು ಬರಲಿಲ್ಲ. ಗಿಳಿಗಳು ಬೆದರಲೆಂದು ಅವನ್ನೆಲ್ಲ ಪ್ಲಾಸ್ಟಿಕ್ ಕವರಿನ ಸಮೇತ ಕ್ಲಬ್ಬಿನ ಸೀಬೆಮರಕ್ಕೆ ತೂಗುಹಾಕಿದ.

ಭಾನುವಾರ ಅಧ್ಯಕ್ಷರು ಹೊಸ ಬೀಗರನ್ನು ಕರೆತಂದರು. ಪ್ರಾಯದಲ್ಲಿ ತಾವು ಇನ್ಸ್‌ಪೆಕ್ಟರ್ ಪಾತ್ರ ಮಾಡಿದ್ದ ಒಂದೇ ಒಂದು ಸಿನಿಮಾವನ್ನು ಅವರಿಗೆ ತೋರಿಸಬೇಕಿತ್ತು. ಮೀಸೆ ತಿರುವಿ ಫೋನ್ ಒತ್ತಿದರು. 'ಈ ಚಿತ್ರ ಈಗ ಲಭ್ಯವಿಲ್ಲ' ಎಂದು ಬಂತು.

"ನಾನು ಕೊಂಡಿದ್ದು ಕಣಯ್ಯಾ! ಅದ್ಹೇಗೆ ಹೋಗುತ್ತೆ?"

"ನೀವು ಕೊಂಡಿದ್ದು ನೋಡೋ ಅಪ್ಪಣೆ ಸ್ವಾಮಿ. ಕೊಟ್ಟೋರೇ ಕಿತ್ಕೊಂಡವ್ರೆ" ಎಂದ ಚಿಕ್ಕಲಿಂಗಯ್ಯ.

ಬೀಗರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಏನಾದ್ರೂ ಮಾಡು! ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಚಿಕ್ಕಲಿಂಗಯ್ಯ ಪಂಚೆ ಎತ್ತಿಕಟ್ಟಿ ಮರ ಹತ್ತಿದ. ಮೂರನೇ ಕೊಂಬೆಯಿಂದ ಇನ್ಸ್‌ಪೆಕ್ಟರನ್ನು ಕಿತ್ತು ತಂದ. ಒರೆಸಿ, ಕ್ಲಬ್ಬಿನ ಹಳೇ ಪ್ಲೇಯರಿಗೆ ಹಾಕಿದ. ಪರದೆ ಮೇಲೆ ಸಣಕಲು ನಂಜರಾಜಪ್ಪ ಪಿಸ್ತೂಲು ಹಿಡಿದು "ಹ್ಯಾಂಡ್ಸಪ್!" ಎಂದರು. ಬೀಗರು ಚಪ್ಪಾಳೆ ತಟ್ಟಿದರು.

ಅಧ್ಯಕ್ಷರು ಅರಳಿಹೋದರು. "ಉಳಿದ ಡಿಸ್ಕುಗಳನ್ನೂ ಈಗಲೇ ಒಳಗೆ ತಾರಯ್ಯ!"

"ತರ್ತೀನಿ ಸ್ವಾಮಿ. ಗಿಳಿ ಓಡಿಸೋಕೆ ನಿಮ್ಮ ಫೋನು ಕೊಡಿ, ಮರಕ್ಕೆ ಕಟ್ತೀನಿ."