ನೆಲದ ಪಾಲು

ಯಾವ ಕಾಲವೋ ಏನೋ, ನಮ್ಮಜ್ಜಿಗೆ ಈ ಕಥೆ ಹೇಳಿದ ಅವರಜ್ಜಿಗೂ ಗೊತ್ತಿರಲಿಲ್ಲ. ಒಂದೂರಿತ್ತಂತೆ. ಊರ ಹಿಂದೆ ಒಂದು ಗುಡ್ಡ, ಗುಡ್ಡದ ತುಂಬ ಬಿದಿರು. ಗುಡ್ಡದ ಬುಡದಲ್ಲಿ ಹನ್ನೆರಡು ಗುಡಿಸಲು, ಹನ್ನೆರಡೂ ಮೇದರವು. ಬಿದಿರು ಕಡಿದು, ಸೀಳಿ, ಬುಟ್ಟಿ ಮೊರ ಹೆಣೆಯುವುದು ಅವರ ಕಸುಬು. ಆ ಸೀಮೆಯಲ್ಲಿ ಮಗು ಹುಟ್ಟಿದರೆ ಮಲಗಿಸೋಕೆ ಅವರ ಮೊರವೇ ಬೇಕು. ಮದುವೆಯಾದರೆ ಬಾಗಿನಕ್ಕೆ ಅವರ ಮೊರವೇ ಬೇಕು. ಸತ್ತರೆ ಚಟ್ಟ ಕಟ್ಟೋಕೆ ಅವರು ಕಡಿದ ಬಿದಿರೇ ಬೇಕು. ಇಷ್ಟೆಲ್ಲ ಬೇಕು, ಆದರೆ ಊರೊಳಗೆ ಅವರಿಗೊಂದು ಮನೆ ಮಾತ್ರ ಕೊಟ್ಟಿರಲಿಲ್ಲ ನೋಡಿ. ಊರಿನವರ ಬುದ್ಧಿ ಆಗಲೂ ಹಾಗೇ ಇತ್ತಂತೆ.

ಆ ಹನ್ನೆರಡರಲ್ಲಿ ಒಂದು ಗುಡಿಸಲು ಕೇತವ್ವನದು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಮಗ ಸಿದ್ದ, ಸೊಸೆ ಹೊನ್ನಿ, ಐದು ವರ್ಷದ ಮೊಮ್ಮಗಳು ನೀಲಿ. ಕೇತವ್ವನದು ಬಾಯಿ ಜೋರು. ಅವಳು ಗುಡ್ಡದ ಮೇಲೆ ನಿಂತು ಮಗನನ್ನು ಕರೆದರೆ ಊರ ಕೆರೆ ಏರಿ ಮೇಲಿದ್ದವರೂ ತಿರುಗಿ ನೋಡುತ್ತಿದ್ದರಂತೆ.

ಒಂದು ವರ್ಷ ಸಂಕ್ರಾಂತಿ ಕಳೆಯಿತು. ಗುಡ್ಡದ ಬಿದಿರೆಲ್ಲ ಒಟ್ಟಿಗೇ ಹೂ ಬಿಟ್ಟಿತು. ಆ ಬಿದಿರು ಹೂ ಬಿಡುವುದು ನಲವತ್ತೆಂಟು ವರ್ಷಕ್ಕೊಂದು ಸಲ. ಹೂ ಬಿಟ್ಟಮೇಲೆ ಅಕ್ಕಿ ಉದುರಿಸುತ್ತದೆ. ಅಕ್ಕಿ ಉದುರಿಸಿದ ಮೇಲೆ ಸತ್ತುಹೋಗುತ್ತದೆ. ಆ ಉದುರಿದ ಅಕ್ಕಿಯಿಂದಲೇ ಮತ್ತೆ ಮೊಳೆತು ಬರಬೇಕು. ಹನ್ನೆರಡು ಗುಡಿಸಲಿನಲ್ಲಿ ಹಿಂದಿನ ಸಲ ಇದನ್ನು ಕಣ್ಣಾರೆ ಕಂಡವಳು ಕೇತವ್ವ ಒಬ್ಬಳೇ. ಆಗ ಅವಳಿಗೆ ಎಂಟು ವರ್ಷ. ಅವಳಜ್ಜಿ ಕಿವಿ ಹಿಂಡಿ ಹೇಳಿದ್ದಳಂತೆ, "ಉದುರಿದ್ದರಲ್ಲಿ ಮೂರು ಪಾಲು ಕಣೇ. ಒಂದು ಪಾಲು ನಮಗೆ, ಒಂದು ಪಾಲು ಇಲಿಗೆ, ಒಂದು ಪಾಲು ನೆಲಕ್ಕೆ. ಮರೆತೀಯ, ಜೋಕೆ!"

ಇತ್ತ ಅರಮನೆಯಲ್ಲಿ ರಾಜನಿಗೆ ಮಕ್ಕಳಿಲ್ಲ. ಕಟ್ಟದ ಹರಕೆಯಿಲ್ಲ, ಕುಡಿಸದ ಕಷಾಯವಿಲ್ಲ. ಕೊನೆಗೆ ಪಂಡಿತನೊಬ್ಬ ಬಂದು, "ಮಹಾಸ್ವಾಮಿ, ರಾಣಿಯವರಿಗೆ ದಿನವೂ ಬಿದಿರಕ್ಕಿ ಗಂಜಿ ಕುಡಿಸಿ, ಗಂಡುಮಗು ಆಗುತ್ತೆ" ಅಂದನಂತೆ. ರಾಜನಿಗೆ ಹಿಗ್ಗೋ ಹಿಗ್ಗು. ಹಿಗ್ಗಿದ ಬೆನ್ನಿಗೇ ಹೊಟ್ಟೆಕಿಚ್ಚು. ಪಕ್ಕದ ಸೀಮೆ ರಾಜನಿಗೂ ಮಕ್ಕಳಿರಲಿಲ್ಲ. ಅವನ ರಾಣಿಯೂ ಈ ಅಕ್ಕಿ ತಿಂದು ಅವನಿಗೂ ಮಗ ಹುಟ್ಟಿಬಿಟ್ಟರೆ? ತಕ್ಷಣ ಅಪ್ಪಣೆ ಹೊರಟಿತು. ಸೀಮೆಯಲ್ಲಿರೋ ಬಿದಿರಕ್ಕಿಯೆಲ್ಲ ಅರಮನೆಗೆ ಬರಬೇಕು, ನೆಲದ ಮೇಲೆ ಒಂದು ಕಾಳೂ ಉಳಿಯಕೂಡದು.

ಅರಮನೆಯ ಪಾರುಪತ್ಯಗಾರ ಕುದುರೆ ಏರಿ ಮೇದರ ಗುಡಿಸಲ ಮುಂದೆ ಬಂದ. "ಗುಡ್ಡವನ್ನ ಅಂಗಳದ ಹಾಗೆ ಗುಡಿಸಿ ಕೊಡಿ. ಹನ್ನೆರಡು ಮನೆಗೂ ಗುಡ್ಡದ ಕೆಳಗಿನ ಗದ್ದೆ ಕೊಡ್ತೀವಿ. ಊರೊಳಗೆ ಮನೆ ಕೊಡ್ತೀವಿ" ಅಂದ.

ಕೇತವ್ವ ಮುಂದೆ ಬಂದು, "ಬುದ್ಧಿ, ಮೂರರಲ್ಲಿ ಒಂದು ಪಾಲು ತಗೊಂಡೋಗಿ. ಉಳಿದದ್ದು ಮುಟ್ಟಬೇಡಿ" ಅಂದಳು.

ಪಾರುಪತ್ಯಗಾರ ನಕ್ಕ. ಮೇದರೂ ನಕ್ಕರು. ಸಿದ್ದ ಅವ್ವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

"ಇಲಿಗೂ ಪಾಲು ಕೊಡೋರು ಎಲ್ಲಾದ್ರೂ ಉಂಟಾ ಅವ್ವ?"

"ಕೊಡದಿದ್ರೆ ಅದೇ ಬಂದು ತಗೊಳ್ತದೆ ಕಣೋ. ನನ್ನಜ್ಜಿ ಹೇಳಿದ್ದು."

"ನಿನ್ನಜ್ಜಿಗೆ ಯಾರಾದ್ರೂ ಗದ್ದೆ ಕೊಡ್ತೀನಿ ಅಂದಿದ್ರಾ? ನೋಡು ನನ್ನ ಕೈಯ. ಸಿಬಿರು ಚುಚ್ಚದ ಜಾಗ ಇದ್ರೆ ತೋರ್ಸು. ಈ ಬಾಳು ನನ್ನ ತಲೆಗೇ ಮುಗೀಲಿ ಅವ್ವ. ನೀಲಿಗೆ ಬೇಡ."

ಆ ಮಾತಿಗೆ ಕೇತವ್ವನ ಕಣ್ಣು ತುಂಬಿತು. ಆದರೂ ಅಂದಳು, "ಕಸುಬು ಬಿಡು, ಬೇಡ ಅನ್ನಲ್ಲ. ಆ ಬೇರು ಹಿಡ್ಕೊಂಡಿರೋದಕ್ಕೇ ಗುಡ್ಡ ನಮ್ಮ ತಲೆ ಮೇಲೆ ಬೀಳದೆ ನಿಂತಿರೋದು. ನೆಲದ ಪಾಲು ಬಿಟ್ಟುಬಿಡೋ."

ಸಿದ್ದ ಕೇಳಲಿಲ್ಲ. ಏಳು ದಿನ ಏಳು ಕಡೆಯಿಂದ ಗುಡಿಸಿದರಂತೆ. ಮುದುಕರು, ಬಸುರಿಯರು, ಮಕ್ಕಳು, ಎಲ್ಲರ ಕೈಯಲ್ಲೂ ಪೊರಕೆ. ಹಿಂದೆ ಅರಮನೆ ಆಳುಗಳ ಕಾವಲು. ಏಳನೇ ದಿನ ಉಳಿದದ್ದು ಮೂಡಲ ಕೊಳ್ಳ ಒಂದೇ. ಅಲ್ಲಿ ಕೇತವ್ವ ಸೆರಗು ಹಾಸಿ ಕೂತುಬಿಟ್ಟಿದ್ದಳು.

"ಇವಳನ್ನ ಎಬ್ಬಿಸಿ. ಇಲ್ಲದಿದ್ರೆ ಹನ್ನೆರಡು ಮನೆಗೂ ಗದ್ದೆ ಇಲ್ಲ" ಅಂದ ಪಾರುಪತ್ಯಗಾರ.

ಹನ್ನೊಂದು ಮನೆಯವರೂ ಸಿದ್ದನ ಮುಖ ನೋಡಿದರು. ಸಿದ್ದ ಹೋದ. ಅವ್ವನನ್ನು ಎರಡು ತೋಳಲ್ಲಿ ಎತ್ತಿ, ಬಂಡೆ ಮೇಲೆ ಮೆಲ್ಲಗೆ ಕೂರಿಸಿದ. ಅವಳು ಕೂತಿದ್ದ ಜಾಗವನ್ನು ತಾನೇ ಗುಡಿಸಿದ. ಊರಿಗೆಲ್ಲ ಕೇಳುವ ಗಂಟಲಿನ ಕೇತವ್ವ ಅವತ್ತು ಒಂದು ಮಾತೂ ಆಡಲಿಲ್ಲ.

ಗದ್ದೆ ಬಂತು, ಸುಳ್ಳು ಹೇಳಬಾರದು. ಊರೊಳಗಿನ ಮನೆ ಮಾತ್ರ ನಾಳೆ ನಾಳೆ ಅಂತ ಮುಂದಕ್ಕೆ ಹೋಯಿತು. ಮಳೆಗಾಲದಲ್ಲಿ ಮೇದರು ನಾಟಿ ಹಾಕಿದರು. ಭತ್ತ ಹಾಲು ತುಂಬುವ ಹೊತ್ತಿಗೆ ಗುಡ್ಡದ ಇಲಿ ಇಳಿದು ಬಂದವು. ಅಲ್ಲಿ ಮೇಲೆ ತಿನ್ನೋಕೆ ಒಂದು ಕಾಳಿಲ್ಲ, ಇನ್ನೇನು ಮಾಡಾವು? ಮೇದರ ಗದ್ದೆ ತಿಂದವು, ಊರಿನ ಹೊಲ ತಿಂದವು, ನೆಲದೊಳಗೆ ಕಾಳು ತುಂಬಿಟ್ಟ ಹಗೇವಿಗೆ ತೂತು ಕೊರೆದು ಹಳೇ ರಾಗಿಯನ್ನೂ ತಿಂದವು. ಅರಮನೆ ಉಗ್ರಾಣಕ್ಕೂ ನುಗ್ಗಿದವು. ಅಷ್ಟು ಬಿದಿರಕ್ಕಿಯಲ್ಲಿ ಉಳಿದದ್ದು ರಾಣಿಯ ಕೋಣೆಯಲ್ಲಿ ಮುಚ್ಚಿಟ್ಟ ಒಂದು ಕೊಪ್ಪರಿಗೆ ಅಷ್ಟೇ. ಸೀಮೆಗೆ ಬರ ಬಂತು, ಮಳೆ ಬಂದೂ ಬರ ಬಂತು.

ಬೇಸಿಗೆಯಲ್ಲಿ ಸತ್ತು ಒಣಗಿ ನಿಂತಿದ್ದ ಬಿದಿರಿಗೆ ಎಲ್ಲಿಂದಲೋ ಒಂದು ಕಿಡಿ ಬಿತ್ತು. ಮೂರು ದಿನ ಉರಿಯಿತು. ಗುಡ್ಡ ಬೋಳಾಯಿತು. ಆಮೇಲೆ ಎರಡನೇ ಮಳೆಗಾಲ ಬಂತಂತೆ.

ಒಂದು ಮಧ್ಯಾಹ್ನ ಮಳೆ ಸುರಿಯುತ್ತಿತ್ತು. ಸಿದ್ದ ಇನ್ನೂ ಮೂವರ ಜೊತೆ ಗದ್ದೆಯ ಬದು ಕಟ್ಟುತ್ತಿದ್ದ. ಗುಡ್ಡದ ಮೂಡಲ ಮೈ ಕಳಚಿಕೊಂಡು ಬಂದು ಗದ್ದೆ ಮೇಲೆ, ಆ ನಾಲ್ವರ ಮೇಲೆ ಕೂತಿತು. ಮಣ್ಣು ತೆಗೆದು ತೆಗೆದು ಮೂರನೇ ದಿನ ಸಿದ್ದ ಸಿಕ್ಕಿದ. ಊರಿಗೆಲ್ಲ ಚಟ್ಟಕ್ಕೆ ಬಿದಿರು ಕಡಿದುಕೊಟ್ಟವನಿಗೆ ಒಂದು ಗಳ ಸಿಗಲಿಲ್ಲ. ಕೇತವ್ವ, ಹೊನ್ನಿ ಇಬ್ಬರೂ ಸೇರಿ ಅವನನ್ನು ಕಂಬಳಿಯಲ್ಲಿ ಹೊತ್ತರು.

ಅದೇ ವಾರ ರಾಣಿಗೆ ಗಂಡುಮಗು ಹುಟ್ಟಿತು. ಪಂಡಿತನ ಮಾತು ನಿಜವಾಗಿತ್ತು, ಏನು ಮಾಡೋಣ! ಅರಮನೆ ಆಳು ಓಡೋಡಿ ಬಂದ. "ರಾಜಕುಮಾರನ್ನ ಮಲಗಿಸೋಕೆ ಹೊಸ ಮೊರ ಬೇಕಂತೆ. ಇಡೀ ಸೀಮೆ ಹುಡುಕಿದ್ವಿ, ಒಂದು ಕಡ್ಡಿ ಬಿದಿರಿಲ್ಲ."

ಕೇತವ್ವ ಅಂದಳು, "ನಿಮ್ಮ ರಾಜನ್ನ ಇಲ್ಲಿಗೆ ಬರೋಕೆ ಹೇಳಪ್ಪ. ಮೊರ ಎಲ್ಲಿದೆ ಅಂತ ತೋರಿಸ್ತೀನಿ."

ರಾಜ ಬಂದ. ಕೇತವ್ವ ಗುಡ್ಡ ತೋರಿಸಿದಳು. ಮಣ್ಣು ಮುಚ್ಚಿದ ಗದ್ದೆ ತೋರಿಸಿದಳು. ನಾಲ್ಕು ಗುಣಿ ತೋರಿಸಿದಳು. "ಮೊರ ಇಲ್ಲಿತ್ತು ಮಹಾಸ್ವಾಮಿ. ನೀವು ಗುಡಿಸಿಕೊಂಡು ಹೋದ್ರಿ" ಅಂದಳು.

ರಾಜ ತಲೆ ತಗ್ಗಿಸಿದ. "ನಾನೇನು ಕೊಡಲಿ ತಾಯಿ?"

"ಉಳಿದಿರೋ ಬಿದಿರಕ್ಕಿ ಕೊಡಿ."

ಎರಡನೇ ಮಗನಿಗೆ ಅಂತ ರಾಣಿ ಇಟ್ಟುಕೊಂಡಿದ್ದ ಕೊಪ್ಪರಿಗೆ ಅದು. ರಾಜ ಮೂರು ದಿನ ಯೋಚನೆ ಮಾಡಿ, ನಾಲ್ಕನೇ ದಿನ ಕಳಿಸಿದ. ಜೊತೆಗೆ ಡಂಗುರವನ್ನೂ ಸಾರಿಸಿದ. ಇನ್ನು ಮುಂದೆ ಬಿದಿರಕ್ಕಿ ಮೂರು ಪಾಲು, ಮೇದರು ಹೇಳಿದ ಹಾಗೆ. ಬುದ್ಧಿ ಬಂದದ್ದು ಒಳ್ಳೆಯದೇ, ಬರುವ ಹೊತ್ತಿಗೆ ನಾಲ್ಕು ಹೆಣ ಬಿದ್ದಿತ್ತು.

ಈಗ ಕೇಳಿ ಕಷ್ಟ. ಕೊಪ್ಪರಿಗೆ ತುಂಬ ಅಕ್ಕಿ, ಸುತ್ತ ಹಸಿದ ಜನ. ಬೇಯಿಸಿದರೆ ಹನ್ನೆರಡು ಮನೆಗೂ ಮೂರು ಹೊತ್ತಿನ ಊಟ. ನೀಲಿ ಹುಣಸೆ ಚಿಗುರು ಬೇಯಿಸಿದ ನೀರು ಕುಡಿದು, ಎದ್ದು ಕೂರೋಕೂ ತ್ರಾಣವಿಲ್ಲದೆ ಹೊನ್ನಿಯ ತೊಡೆ ಮೇಲೆ ಮಲಗಿತ್ತು.

ಹೊನ್ನಿ ಅತ್ತೆಯ ಕಾಲು ಹಿಡಿದಳು. "ಒಂದು ಹಿಡಿ ಸಾಕು ಅತ್ತೆ. ಗಂಜಿ ಕಾಯಿಸ್ತೀನಿ. ನಿಮ್ಮ ಸಿದ್ದನ ಮಗಳು ಅತ್ತೆ."

ಕೇತವ್ವ ಸುತ್ತ ನೋಡಿದಳು. ಹನ್ನೊಂದು ಮನೆಯ ಮಕ್ಕಳೂ ಬಾಯಿ ಬಿಟ್ಟುಕೊಂಡು ನಿಂತಿದ್ದವು. "ನೀಲಿಗೆ ಒಂದು ಹಿಡಿ ಕೊಟ್ರೆ ಅವಕ್ಕೂ ಕೊಡಬೇಕು ಕಣವ್ವ. ಇವತ್ತು ಕೊಟ್ರೆ ನಾಳೆಗೂ ಕೊಡಬೇಕು, ನೆಲಕ್ಕೆ ಏನೂ ಉಳಿಯಲ್ಲ. ವರ್ಷ ಹಳೇ ಕಾಳು, ಹತ್ತರಲ್ಲಿ ಒಂದು ಮೊಳೆತರೆ ಹೆಚ್ಚು. ಬರೋ ವರ್ಷದ ಮಳೇಲಿ ಉಳಿದ ಗುಡ್ಡ ಬಂದ್ರೆ ಒಬ್ಬರೂ ಉಳಿಯಲ್ಲ" ಅಂದಳು. ಬಗ್ಗಿ ನೀಲಿಯ ಕೆನ್ನೆ ಸವರಿದಳು. ಆದರೂ ಕೊಪ್ಪರಿಗೆ ತಲೆಗೇರಿಸಿ ಗುಡ್ಡ ಹತ್ತಿದಳು. ಕಾಳು ಕಾಳೂ ಊರಿದಳು. ಊರಿ ಕಾವಲು ಕೂತಳು, ಇಲಿಗಳಿಂದಲ್ಲ, ತನ್ನವರಿಂದ.

ಏಳನೇ ದಿನ ನೀಲಿ ಕಣ್ಣು ಮುಚ್ಚಿತು. ಒಂಬತ್ತನೇ ದಿನ ಮೊದಲ ಮೊಳಕೆ ಕಾಣಿಸಿತು.

ಹತ್ತನೇ ದಿನ ಬೆಳಿಗ್ಗೆ ಹೊನ್ನಿ ಕುಡುಗೋಲು ಹಿಡಿದು ಗುಡ್ಡಕ್ಕೆ ಬಂದಳಂತೆ, ಒಂದೊಂದು ಮೊಳಕೆಯನ್ನೂ ಸವರಿ ಹಾಕುತ್ತೇನೆ ಅಂತ. ಕೇತವ್ವ ತಡೆಯಲಿಲ್ಲ. ತಡೆಯುವ ಮುಖ ಅವಳಿಗಿರಲಿಲ್ಲ. ಹೊನ್ನಿ ಬಗ್ಗಿದಳು. ಮೊಳಕೆ ಬೆರಳುದ್ದವಿತ್ತು, ಎರಡು ಎಲೆ. ಬಹಳ ಹೊತ್ತು ನೋಡಿದಳು. ಅಷ್ಟರಲ್ಲಿ ಊರ ಕಡೆಯಿಂದ ಒಂದು ಮೇಕೆ ಬಂತು. ಹೊನ್ನಿ ಕಲ್ಲು ತೆಗೆದುಕೊಂಡು ಅದನ್ನು ಓಡಿಸಿದಳು. ಓಡಿಸಿದವಳು ಅಲ್ಲೇ ಕೂತಳು.

ಹನ್ನೆರಡು ವರ್ಷ ಹಾಗೇ ಕೂತರು. ಮೂಡಲ ಕಡೆ ಅತ್ತೆ, ಪಡುವಲ ಕಡೆ ಸೊಸೆ. ಮೇಕೆ ಬಂದರೆ ಓಡಿಸುವರು, ಬೆಂಕಿ ಕಂಡರೆ ಸೊಪ್ಪಿನಿಂದ ಬಡಿದು ಆರಿಸುವರು. ಮೊದಲು ಮೊಳಕಾಲುದ್ದ, ಆಮೇಲೆ ಎದೆಯುದ್ದ, ಆಮೇಲೆ ಆಳುದ್ದ, ಆಮೇಲೆ ತಲೆಯೆತ್ತಿ ನೋಡಬೇಕು. ಗುಡ್ಡ ಜಾರುವುದು ನಿಂತಿತು. ಬರಕ್ಕೆ ಗುಡಿಸಲು ಬಿಟ್ಟು ಹೋಗಿದ್ದ ಮೇದರು ಒಬ್ಬೊಬ್ಬರಾಗಿ ತಿರುಗಿ ಬಂದರು. ಅತ್ತೆ ಸೊಸೆ ನಡುವೆ ಒಂದು ಮಾತಿಲ್ಲ. ಉಂಡೆಯಾ ಅಂತಿಲ್ಲ, ಬಿಟ್ಟೆಯಾ ಅಂತಿಲ್ಲ.

ಹದಿಮೂರನೇ ವರ್ಷ ಕೇತವ್ವ ಕೂತಲ್ಲೇ ಹೋಗಿಬಿಟ್ಟಳು. ಮೇದರೆಲ್ಲ ಸೇರಿದರು. ಹೊನ್ನಿ ಬಂದು ಅತ್ತೆಯ ತಲೆಯನ್ನು ತೊಡೆ ಮೇಲಿಟ್ಟುಕೊಂಡು, ಕೆದರಿದ ಕೂದಲು ನೇವರಿಸಿ ಕಟ್ಟಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಜೊತೆ ಬಾಯಿ ಬಿಟ್ಟಳಂತೆ.

"ನೀವು ಮಾಡಿದ್ದು ಸರಿ ಅತ್ತೆ" ಅಂದಳು. ಸೆರಗಿನಿಂದ ಅವಳ ಮುಖ ಒರೆಸಿ, "ಆದ್ರೂ ನನ್ನ ಕೈಲಿ ಕ್ಷಮಿಸೋಕಾಗಲ್ಲ" ಅಂದಳು.

ಹೊನ್ನಿಯೂ ಮೇದರೂ ಅಲ್ಲಿ ಗುಡ್ಡ ಕಾಯುತ್ತಾ ಉಳಿದರು, ಕೇಳಿದ ನಾವು ಇಲ್ಲಿ ದೀಪ ಸಣ್ಣಗೆ ಮಾಡಿ ಎದ್ದೆವು.