ಗೋಡೆಯ ಸಂದಿನ ಗೆಡ್ಡೆ

“ಬುದ್ಧಿ, ಒಬ್ಬರ ಕತೇನ ಇನ್ನೊಬ್ಬರು ತಮ್ದೇ ಅಂತ ಹೇಳ್ಕೊಂಡು ತಿರುಗಿದ್ರೆ ಅದು ಕಳ್ಳತನ ಅಲ್ವಾ?”

ಚೆನ್ನಂಜಪ್ಪ ಈ ಪ್ರಶ್ನೆ ಕೇಳಿದ್ದು ಪ್ರಸಾದ ಮುಗಿದು ಎಲ್ಲರೂ ಮಠದ ಅಂಗಳದಲ್ಲಿ ಗುರುಗಳ ಸುತ್ತ ಕುಳಿತಿದ್ದಾಗ. ಹೊಳೆಯಾಚೆಯ ಊರಿನಲ್ಲಿ ಹೊಸಬನೊಬ್ಬ ಪ್ರತಿ ಸೋಮವಾರ ಜನ ಸೇರಿಸಿ ಕತೆ ಹೇಳುತ್ತಿದ್ದನಂತೆ. ಕತೆಗಳೆಲ್ಲ ಗುರುಗಳವು. ಗುರುಗಳ ಹೆಸರು ಮಾತ್ರ ಎಲ್ಲಿಯೂ ಬರುವುದಿಲ್ಲ. ಮುಂದಿನ ಸೋಮವಾರ ತುಂಬಿದ ಸಭೆಯಲ್ಲಿ ಎದ್ದು ನಿಂತು ಅವನ ಮಾನ ಹರಾಜು ಹಾಕುವುದೆಂದು ಚೆನ್ನಂಜಪ್ಪ ಆಗಲೇ ತೀರ್ಮಾನಿಸಿದ್ದ. ಗುರುಗಳ ಅಪ್ಪಣೆಯೊಂದು ಬಾಕಿ ಇತ್ತು.

ಗುರುಗಳು ಅಪ್ಪಣೆ ಕೊಡಲಿಲ್ಲ, ಬೇಡವೆನ್ನಲೂ ಇಲ್ಲ. ಕಾಲು ಮಡಿಸಿ ಸರಿಯಾಗಿ ಕುಳಿತು ಕತೆ ತೆಗೆದರು.

ಬೆಟ್ಟದ ಮೇಲೆ ಒಂದು ಚಳಿಯೂರು. ಅಲ್ಲೊಬ್ಬ ತೋಟಗಾರ. ಅವನಿಗೆ ಸೈಕ್ಲಮೆನ್ ಎಂಬ ಹೂವಿನ ಹುಚ್ಚು. ನಮ್ಮ ಸೀಮೆಯ ಹೂವಲ್ಲ ಅದು. ಹೆಸರು ನಾಲಿಗೆಗೆ ಹತ್ತದಿದ್ದರೆ ಚಿಂತೆ ಮಾಡಬೇಡಿ, ನನಗೂ ಬೇಗ ಹತ್ತಲಿಲ್ಲ. ಅದರ ಗೆಡ್ಡೆ ನಿಪ್ಪಟ್ಟಿನ ಹಾಗೆ ಚಪ್ಪಟೆ. ಬೇಸಿಗೆ ಬಂತೆಂದರೆ ಎಲೆಯನ್ನೆಲ್ಲ ಕಳಚಿಕೊಂಡು ಮಣ್ಣಿನೊಳಗೆ ನಿದ್ದೆ ಹೋಗುತ್ತದೆ. ಪ್ರೀತಿ ಉಕ್ಕಿ ಆಗ ನೀರು ಸುರಿದಿರೋ, ಗೆಡ್ಡೆ ಕೊಳೆಯಿತೆಂದೇ ತಿಳಿಯಿರಿ. ಮಳೆ ಹಿಂದಾದ ಮೇಲೆ ಎಲೆಗೂ ಕಾಯದೆ ಮೊದಲು ಹೂವನ್ನೇ ಹೊರಗೆ ಕಳಿಸುತ್ತದೆ. ಎಸಳುಗಳನ್ನು ಹಿಂದಕ್ಕೆ ಮಡಿಚಿಕೊಂಡ ನಸುಗೆಂಪು ಹೂ. ಹೂವಿನ ಬೆನ್ನಿಗೇ ಎಲೆ. ಎಲೆಯ ಮೇಲೆ ಬೆಳ್ಳಿ ಬಣ್ಣದ ಚಿತ್ತಾರ. ಒಂದು ಗಿಡದ ಚಿತ್ತಾರ ಇನ್ನೊಂದಕ್ಕೆ ಇರುವುದಿಲ್ಲ.

ತೋಟಗಾರ ಇವಕ್ಕೆಂದೇ ಗಾಜಿನ ಮನೆ ಕಟ್ಟಿಸಿದ್ದ. ಎಲೆ ನೋಡಿದರೆ ಗಿಡದ ಜಾತಕ ಹೇಳುತ್ತಿದ್ದ. ಈ ಹೂವನ್ನೇ ಹೋಲುವ ಇನ್ನೊಂದು ಜಾತಿಯಿದೆ, ಅದು ಚಳಿಗಾಲದ ಕೊನೆಗೆ ಅರಳುತ್ತದೆ. ನಮ್ಮಂಥವರಿಗೆ ಎರಡೂ ಒಂದೇ. ಅವನು ಗೆಡ್ಡೆಯನ್ನು ಅಂಗೈಯಲ್ಲಿ ಹೊರಳಿಸಿ, ಬೇರು ಹೆಗಲಿನಿಂದ ಹೊರಟಿದ್ದರೆ ಇದು, ಅಡಿಯಿಂದ ಹೊರಟಿದ್ದರೆ ಅದು ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದ. ಅಷ್ಟು ಬಲ್ಲವನಿಗೆ ಒಂದು ಮಾತ್ರ ಬಗೆಹರಿದಿರಲಿಲ್ಲ. ಹೂ ಬಾಡಿದ ಮೇಲೆ ತೊಟ್ಟು ಚಕ್ಕುಲಿಯ ಹಾಗೆ ಸುತ್ತಿಕೊಂಡು ಕಾಯಿಯನ್ನು ಮಣ್ಣಿಗೆ ಎಳೆದು ತರುತ್ತದೆ. ಬೇಸಿಗೆಯ ಹೊತ್ತಿಗೆ ಕಾಯಿ ಬಿರಿಯುತ್ತದೆ. ಸಂಜೆ ನೋಡಿದರೆ ಬೀಜ ಇರುತ್ತಿತ್ತು, ಬೆಳಗ್ಗೆ ಬಂದರೆ ಇರುತ್ತಿರಲಿಲ್ಲ. ವರ್ಷ ವರ್ಷವೂ ಇದೇ ಕತೆ. ಗಾಜಿನ ಮನೆಯ ತುಂಬ ಇರುವೆಗಳಿದ್ದವು. ಅವನ್ನು ಕಂಡರೆ ಅವನು ಪೊರಕೆ ತರುತ್ತಿದ್ದ, ಬೂದಿ ಚೆಲ್ಲುತ್ತಿದ್ದ. ಅವುಗಳ ಬಾಯಲ್ಲಿ ಏನಿದೆ ಎಂದು ಒಮ್ಮೆಯಾದರೂ ಬಗ್ಗಿ ನೋಡಿದವನಲ್ಲ.

ಗಾಜಿನ ಮನೆಯ ಹಿಂದೆ ಇಳಿಜಾರು. ಇಳಿಜಾರಿನ ಬುಡದಲ್ಲಿ ಒಬ್ಬ ದರ್ಜಿಯ ಮನೆ, ಮನೆಯ ಮುಂದುಗಡೆಯೇ ಅಂಗಡಿ. ಮಣ್ಣು ಕುಸಿಯದಿರಲೆಂದು ದರ್ಜಿಯ ಅಪ್ಪ ಹಿತ್ತಲಲ್ಲೊಂದು ಕಲ್ಲುಗೋಡೆ ಕಟ್ಟಿದ್ದ. ತೋಟಗಾರನೂ ದರ್ಜಿಯೂ ಹಳೆಯ ಗೆಳೆಯರು. ಬೆಳಗಿನ ಚಹಾ ದರ್ಜಿಯ ಅಂಗಡಿಯ ಬಾಗಿಲಲ್ಲೇ ಆಗಬೇಕು. ಒಬ್ಬ ಗಿಡದ ವಿಷಯ ಹೇಳಿ ಕೊರೆಯುತ್ತಿದ್ದ, ಇನ್ನೊಬ್ಬ ಗುಂಡಿ ಹೊಲಿಯುತ್ತ ಹೂಂಗುಟ್ಟುತ್ತಿದ್ದ. ಗೆಳೆತನವೆಂದರೆ ಬಹಳ ಮಟ್ಟಿಗೆ ಇಷ್ಟೇ ತಾನೆ.

ಒಂದು ಬೆಳಗ್ಗೆ ಚಳಿ ಹೆಚ್ಚಿತ್ತು. ಬಿಸಿಲಿಗೆ ಮೈ ಕಾಯಿಸಿಕೊಂಡು ಕುಡಿಯೋಣವೆಂದು ದರ್ಜಿ ಚಹಾದ ಲೋಟಗಳನ್ನು ಹಿತ್ತಲಿಗೆ ತಂದ. ತೋಟಗಾರ ಆ ಹಿತ್ತಲಿಗೆ ಕಾಲಿಟ್ಟದ್ದು ಅದೇ ಮೊದಲು. ನೋಡುತ್ತಾನೆ, ಗೋಡೆಯ ಕಲ್ಲುಗಳ ಸಂದಿಯಿಂದ ನಸುಗೆಂಪು ಹೂಗಳು ಇಣುಕುತ್ತಿವೆ. ಒಂದೆರಡಲ್ಲ, ಗೋಡೆಯುದ್ದಕ್ಕೂ. ಆಗತಾನೇ ಬಿಚ್ಚುತ್ತಿದ್ದ ಎಲೆಗಳಲ್ಲಿ ಬೆಳ್ಳಿಯ ಚಿತ್ತಾರ. ಅವನ ಕೈಯಲ್ಲಿದ್ದ ಚಹಾ ಆರಿಹೋಯಿತು.

“ಇಷ್ಟು ದಿನ ಹೂಂಗುಟ್ಟಿದ್ದು ಇದಕ್ಕೇನಾ?” ಎಂದ.

ದರ್ಜಿಗೆ ಅರ್ಥವಾಗಲಿಲ್ಲ. ಅರ್ಥವಾಗುವ ಹೊತ್ತಿಗೆ ಬೀದಿಗೆಲ್ಲ ಅರ್ಥವಾಗಿತ್ತು. ತೋಟಗಾರ ಮನೆ ಮನೆಯ ಮುಂದೆ ನಿಂತು ಹೇಳಿದ್ದ: ನನ್ನ ಬೀಜ ಕದ್ದವನು ಸಿಕ್ಕಿದ, ನನ್ನ ಗೆಳೆಯನೇ ಅವನು.

ದರ್ಜಿಯ ಕತ್ತರಿಗೆ ಗೇಣು ಬಟ್ಟೆಯ ಹಸಿವು ಇದ್ದೇ ಇರುತ್ತದೆ ಎಂದು ತಮಾಷೆ ಮಾಡುವ ಜನ ನಾವು. ತಮಾಷೆ ನಿಜವೆಂದು ನಂಬಲು ನಮಗೊಂದು ನೆಪ ಸಾಕು. ದೀಪಾವಳಿ ಮುಂದಿತ್ತು. ದರ್ಜಿಗೆ ವರ್ಷದ ಅನ್ನ ಹುಟ್ಟುವುದೇ ಆ ಹಬ್ಬದಲ್ಲಿ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ಬಂದು ವಾಪಸ್ಸು ಒಯ್ದರು. ಒಬ್ಬಾಕೆಯಂತೂ ಒಯ್ಯುವ ಮೊದಲು ಅಲ್ಲೇ ಮೊಳ ಹಾಕಿ ನೋಡಿದಳು. ಸುಮ್ಮನೆ ಕುಳಿತ ಹೊಲಿಗೆ ಯಂತ್ರದ ಮುಂದೆ ದರ್ಜಿಯೂ ಸುಮ್ಮನೆ ಕುಳಿತ.

ದರ್ಜಿಯ ಹೆಂಡತಿ ಸುಮ್ಮನಿರುವವಳಲ್ಲ. ನೇರ ತೋಟಗಾರನ ಬಾಗಿಲಿಗೆ ಹೋದಳು.

“ಅಣ್ಣ, ನಿಮ್ಮ ಗಿಡ ಆದ್ರೆ ನೀವೇ ಬಂದು ಕಿತ್ಕೊಂಡ್ ಹೋಗಿ. ನಾವು ನೆಟ್ಟಿಲ್ಲ, ನಾವು ಮುಟ್ಟಾಕೂ ಇಲ್ಲ. ಎಲ್ಲಾರ ಮುಂದೆ ಕೀಳಿ.”

ಅವನಿಗೂ ಬೇಕಾದ್ದು ಅದೇ. ಸಣ್ಣ ಗುದ್ದಲಿ, ಬುಟ್ಟಿ ಹಿಡಿದು ಹೊರಟ. ಬೀದಿ ಅವನ ಹಿಂದೆ ಹೊರಟಿತು. ಇಂಥ ಮೆರವಣಿಗೆಗೆ ನಮ್ಮ ಜನ ಎಂದೂ ತಡ ಮಾಡುವುದಿಲ್ಲ.

ಎಲ್ಲಕ್ಕಿಂತ ಚೆನ್ನಾಗಿ ಹೂ ಬಿಟ್ಟಿದ್ದ ಗಿಡದ ಮುಂದೆ ಅವನು ಮಂಡಿಯೂರಿದ. ಕಲ್ಲಿನ ಸಂದಿಗೆ ಗುದ್ದಲಿ ತೂರಲಿಲ್ಲ. ಗುದ್ದಲಿ ಬಿಟ್ಟು ಬೆರಳು ಹಾಕಿದ. ಒಂದು ಬೆರಳು ಹೋಯಿತು, ಎರಡನೆಯದು ಹೋಗಲಿಲ್ಲ. ಹೋದ ಬೆರಳಿಗೆ ಒಳಗಿದ್ದ ಗೆಡ್ಡೆ ಸಿಕ್ಕಿತು. ಸುತ್ತ ಸವರಿದ. ಮುಷ್ಟಿಗಿಂತ ದಪ್ಪ. ಇನ್ನೊಮ್ಮೆ ಸವರಿದ. ಬೆರಳು ತೂರುವ ಸಂದಿಯಲ್ಲಿ ಮುಷ್ಟಿಗಾತ್ರದ ಗೆಡ್ಡೆಯನ್ನು ಯಾವ ಕಳ್ಳನೂ ತಂದಿಡಲಾರ. ಅಷ್ಟು ದಪ್ಪವಾಗಲು ಎಷ್ಟು ವರ್ಷ ಬೇಕೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಇರಲಿಲ್ಲ. ಅದು ಬೀಜವಾಗಿ ಒಳಹೊಕ್ಕು ಅಲ್ಲೇ ಬೆಳೆದದ್ದು.

ಅಷ್ಟರಲ್ಲಿ ಬೆರಳಿಗೆ ಚುರುಕ್ಕೆಂದಿತು. ಕೈ ಹಿಂದೆಗೆದ. ಬೆರಳ ತುಂಬ ಇರುವೆ. ಬೆರಳಿನ ಜೊತೆ ಸ್ವಲ್ಪ ಮಣ್ಣು ಬಂತು, ಮಣ್ಣಿನಲ್ಲಿ ಬೀಜಗಳು ಬಂದವು. ಮೇಲಿನ ಸಿಹಿ ಅಂಟನ್ನೆಲ್ಲ ಇರುವೆಗಳು ತಿಂದು ಎಸೆದ ಬೀಜಗಳು. ತಲೆಯೆತ್ತಿ ನೋಡಿದ. ಇರುವೆಯ ಸಾಲು ಸಂದಿಯಿಂದ ಹೊರಟು ಗೋಡೆ ಹತ್ತಿ, ಇಳಿಜಾರು ಏರಿ, ಅವನ ಗಾಜಿನ ಮನೆಯ ಬಾಗಿಲಡಿಗೆ ನುಗ್ಗುತ್ತಿತ್ತು. ಸಾಲಿನ ದಾರಿಯುದ್ದಕ್ಕೂ ಹುಲ್ಲಿನ ಮರೆಯಲ್ಲಿ ಅಲ್ಲೊಂದು ಇಲ್ಲೊಂದು ಹೂ.

ತೋಟಗಾರ ನೆಲದ ಮೇಲೆ ಕುಳಿತುಬಿಟ್ಟ. ಮೊದಲು ಮುಖ ಕೆಂಪಾಯಿತು. ಆಮೇಲೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕ. ಜನ ಬುದ್ಧಿ ಕೆಟ್ಟಿತೆಂದುಕೊಂಡರು. ಅವನು ಬೆರಳೆತ್ತಿ, “ಕಳ್ಳ ಸಿಕ್ಕವ್ನೆ, ನೋಡಿ,” ಎಂದ. ಬೆರಳ ತುದಿಯಲ್ಲಿ ಒಂದು ಇರುವೆ ಇನ್ನೂ ಕಚ್ಚಿಕೊಂಡಿತ್ತು. ಗಿಡ ಗುರುತಿಸುವುದರಲ್ಲಿ ನನ್ನ ಸಮ ಇಲ್ಲವೆಂದು ಮೆರೆದೆ, ಗೆಳೆಯನನ್ನು ಗುರುತಿಸಲಾರದೆ ಹೋದೆ ಎಂದು ಎಲ್ಲರ ಮುಂದೆ ಕೈಮುಗಿದ. ದರ್ಜಿ ಮುಖ ತಿರುಗಿಸಿಕೊಂಡ. ನೋವು ಇತ್ತು, ಇರದೆ ಏನು.

ತೋಟಗಾರ ಮನೆಗೆ ಓಡಿದ. ಎಷ್ಟೋ ಕಾಲದಿಂದ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಉಣ್ಣೆ ಬಟ್ಟೆ ತಂದು, ಬೀದಿಯೆಲ್ಲ ನೋಡುತ್ತಿರುವಂತೆ ದರ್ಜಿಯ ಯಂತ್ರದ ಮೇಲಿಟ್ಟು, ಅಳತೆಗೆ ಕೈ ಚಾಚಿ ನಿಂತ. ದರ್ಜಿ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದ. ಕಡೆಗೆ ಟೇಪು ತೆಗೆದ.

“ಕೋಟು ಹೊಲಿದು ಒಂದು ಗೇಣು ಮಿಗ್ತದೆ. ಇಟ್ಕೊಳ್ಳಲಾ?” ಎಂದ.

“ಇಟ್ಕೊಳಪ್ಪ. ನಂಗೆ ಕೊಟ್ರೆ ಇರುವೆ ಹೊತ್ಕೊಂಡ್ ಹೋಯ್ತವೆ,” ಎಂದ ತೋಟಗಾರ.

ಬೀದಿ ನಕ್ಕಿತು. ಒಯ್ದ ಬಟ್ಟೆಗಳು ಒಯ್ದ ದಾರಿಯಲ್ಲೇ ಹಿಂದಕ್ಕೆ ಬಂದವು. ಮೊಳ ಹಾಕಿದಾಕೆ ಮಗಳ ಲಂಗವನ್ನೂ ಸೇರಿಸಿ ತಂದಳು. ಅವಳದನ್ನು ಹಬ್ಬದ ಹಿಂದಿನ ದಿನದವರೆಗೂ ದರ್ಜಿ ಕೊಡಲಿಲ್ಲವಂತೆ, ಅದೂ ನ್ಯಾಯವೇ.

ಮುಂದಿನ ವರ್ಷ ಮಳೆ ವಿಪರೀತವಾಯಿತು. ಗಾಜಿನ ಮನೆಯೊಳಕ್ಕೂ ನೀರು ನುಗ್ಗಿ, ಕುಂಡಗಳಲ್ಲಿ ನಿಂತು ಗೆಡ್ಡೆಗಳೆಲ್ಲ ಕೊಳೆತವು. ಕಲ್ಲಿನ ಸಂದಿಯಲ್ಲಿ ನೀರು ನಿಲ್ಲುವುದಿಲ್ಲ, ಅಲ್ಲಿನ ಗೆಡ್ಡೆಗಳು ಉಳಿದವು. ಚಳಿ ಅವಕ್ಕೆ ಮೊದಲೇ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಕಾಯಿ ಬಿರಿದಾಗ ತೋಟಗಾರ ಗೆಳೆಯನ ಗೋಡೆಯ ಮುಂದೆ ಬೊಗಸೆಯೊಡ್ಡಿ ಬೀಜ ಬೇಡಿದ. ಇವತ್ತಿಗೂ ಆ ಬೆಟ್ಟದಲ್ಲಿ ಆ ಹೂ ಇದ್ದರೆ ಅದು ಗೋಡೆಯ ಸಂತಾನ.

ಗುರುಗಳು ಕತೆ ಮುಗಿಸಿ ನೀರು ಕುಡಿದರು. ಅಂಗಳದಲ್ಲಿದ್ದವರು ನಗುತ್ತಿದ್ದರು. ಚೆನ್ನಂಜಪ್ಪನೂ ನಕ್ಕಿದ್ದ, ಆದರೆ ಅವನಿಗೆ ಸಮಾಧಾನವಾಗಿರಲಿಲ್ಲ.

“ಅದು ಸರಿ ಬುದ್ಧಿ. ಅಲ್ಲಿ ಇರುವೆ ಹೊತ್ಕೊಂಡ್ ಹೋದ್ವು. ಇಲ್ಲಿಂದ ಹೊಳೆ ದಾಟಿ ಆ ಊರ್‍ಗಂಟ ನಿಮ್ಮ ಕತೇನ ಹೊತ್ಕೊಂಡ್ ಹೋಗೋರು ಯಾರವ್ರೆ?”

ಗುರುಗಳು ಅವನ ಕಡೆಗೆ ಪ್ರೀತಿಯಿಂದ ನೋಡಿದರು.

“ಸುಗ್ಗಿ ಮುಗಿದ ಮೇಲೆ ಅದೇ ಊರಿನ ನಿಮ್ಮಕ್ಕನ ಮನೆಯಲ್ಲಿ ತಿಂಗಳುಗಟ್ಟಲೆ ಇದ್ದೆಯಲ್ಲ ಚೆನ್ನಂಜಪ್ಪ, ದಿನಾ ಸಂಜೆ ಜಗುಲಿಯ ಮೇಲೆ ಕೂತು ಅಲ್ಲಿಯವರಿಗೆ ಏನು ಹೇಳುತ್ತಿದ್ದೆ?”